ಮಹಾಮಾರಿ ಬಂದಾಗ ಮೆದುಳಿನ ಗೆಡ್ಡೆಯ ಆಪರೇಷನ್ ಮುಂದಕ್ಕೆ ಹೋದರೆ: ಮನೆಯವರಿಗೊಂದು ಮಾರ್ಗದರ್ಶಿ

2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿತ್ತು. ಆ ವಾರ ಮೆದುಳಿನ ಗೆಡ್ಡೆಯ ಆಪರೇಷನ್‌ಗೆ ದಿನ ಗೊತ್ತಾಗಿದ್ದ ಎಷ್ಟೋ ಮನೆಗಳಿಗೆ ಆಸ್ಪತ್ರೆಯಿಂದ ಫೋನ್ ಬಂತು: “ಸದ್ಯಕ್ಕೆ ಬರಬೇಡಿ, ನಾವೇ ತಿಳಿಸ್ತೀವಿ.” ಬೆಂಗಳೂರಿನ ವಿಕ್ಟೋರಿಯಾ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗಳು ಕೋವಿಡ್‌ಗೆ ಮೀಸಲಾದವು. ಬೇರೆ ಕಡೆಗಳಲ್ಲೂ ಐಸಿಯು, ವೆಂಟಿಲೇಟರ್, ಅರಿವಳಿಕೆ ಕೊಡುವ ಡಾಕ್ಟರು, ನರ್ಸ್‌ಗಳು ಎಲ್ಲರೂ ಅತ್ತ ಹೋಗಬೇಕಾಯಿತು. ಮೊದಲ ಅಲೆಯ ಬಿರುಸಿನ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2.84 ಕೋಟಿ ಆಪರೇಷನ್‌ಗಳು ರದ್ದಾಗುತ್ತವೆ ಇಲ್ಲವೇ ಮುಂದಕ್ಕೆ ಹೋಗುತ್ತವೆ ಎಂದು ಸರ್ಜನ್‌ಗಳ ಒಂದು ಅಂತರರಾಷ್ಟ್ರೀಯ ತಂಡ ಅಂದಾಜು ಮಾಡಿತ್ತು.

ಗಡಿಗಳೂ ಮುಚ್ಚಿದವು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ತಲಪಾಡಿಯಲ್ಲಿ ರಸ್ತೆ ಬಂದ್ ಆದಾಗ ರೋಗಿಗಳಿದ್ದ ವಾಹನಗಳೂ ಆಚೆಯೇ ನಿಂತವು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಏಪ್ರಿಲ್‌ನಲ್ಲಿ ಷರತ್ತು ಹಾಕಿ ರೋಗಿಗಳನ್ನು ಬಿಡಲು ಶುರುಮಾಡಿದರು. ಅಷ್ಟರಲ್ಲಿ ಕೆಲವರ ಪ್ರಾಣ ಹೋಗಿತ್ತು.

ಆ ವರ್ಷ ಕಾಯುತ್ತಿದ್ದ ಫೈಲುಗಳಲ್ಲಿ ನಮ್ಮ ಚಿಕ್ಕಮ್ಮನದೂ ಒಂದು. ನಾನು ಡಾಕ್ಟರ್ ಅಲ್ಲ, ರೋಗಿಯ ಜೊತೆ ಓಡಾಡಿದವಳು. ಈ ವಿಷಯದಲ್ಲಿ ನನ್ನದು ಒಂದೇ ಗಟ್ಟಿ ಮಾತು. ಕಾಯುವುದೂ ಚಿಕಿತ್ಸೆಯ ಒಂದು ಭಾಗವೇ. ಆದರೆ ಎಷ್ಟು ದಿನ ಕಾಯಬೇಕು, ಏನನ್ನು ಗಮನಿಸಬೇಕು, ಯಾರಿಗೆ ಫೋನ್ ಮಾಡಬೇಕು ಎನ್ನುವುದು ಗೊತ್ತಿದ್ದರೆ ಮಾತ್ರ. ಇದು ಗೊತ್ತಿಲ್ಲದೆ ಸುಮ್ನೆ ಕೂತರೆ ಗೆಡ್ಡೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಮತ್ತೊಂದು ಮಹಾಮಾರಿ ಬಂದಾಗ ಯಾವ ಮನೆಯೂ ಹಾಗೆ ಕೂರಬಾರದು ಎಂದು ಇಷ್ಟನ್ನೂ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಗೆಡ್ಡೆ ಯಾವ ಜಾತಿಯದು ಎಂದು ತಿಳಿದುಕೊಳ್ಳಿ

“ಬ್ರೇನ್ ಟ್ಯೂಮರ್” ಎಂದ ಕೂಡಲೇ ಎಲ್ಲರಿಗೂ ಒಂದೇ ಭಯ. ಆದರೆ ಮೆದುಳಿನ ಗೆಡ್ಡೆಗಳಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಕೆಲವಕ್ಕೆ ವಾರವೂ ಜಾಸ್ತಿಯೇ. ಇನ್ನು ಕೆಲವು ವರ್ಷಗಟ್ಟಲೆ ತೆಪ್ಪಗಿರುತ್ತವೆ. ಮಹಾಮಾರಿಯ ಕಾಲದಲ್ಲಿ ಆಸ್ಪತ್ರೆಯವರು ರೋಗಿಗಳ ಸಾಲು ಮಾಡುವುದು ಇದೇ ಲೆಕ್ಕದ ಮೇಲೆ.

ಮೆನಿಂಜಿಯೋಮ ಎಂಬುದು ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತವೆ. ಸಣ್ಣದಿದ್ದು, ತೊಂದರೆ ಕೊಡದಿದ್ದರೆ ಮಾಮೂಲಿ ದಿನಗಳಲ್ಲೂ ಎಂಆರ್‌ಐ ಮಾಡಿಸುತ್ತಾ ಕಾಯುವುದುಂಟು. ಕಿವಿಯ ನರದ ಮೇಲೆ ಬರುವ ಶ್ವಾನೋಮವೂ ಸಾಮಾನ್ಯವಾಗಿ ಹೀಗೆಯೇ. ಗ್ಲಯೋಮ ಎಂದರೆ ಮೆದುಳಿನೊಳಗಿನ ಜೀವಕೋಶಗಳಲ್ಲೇ ಹುಟ್ಟುವ ಗೆಡ್ಡೆ; ಕೆಳದರ್ಜೆಯ ಗ್ಲಯೋಮಗಳಲ್ಲೂ ಕೆಲವಕ್ಕೆ ಒಂದಷ್ಟು ಕಾಲಾವಕಾಶ ಇರುತ್ತದೆ.

ಗ್ಲಯೋಬ್ಲಾಸ್ಟೋಮ ಹಾಗಲ್ಲ. ಅದು ಗ್ಲಯೋಮಗಳಲ್ಲೇ 4ನೇ ದರ್ಜೆಯದು, ವೇಗವಾಗಿ ಬೆಳೆಯುವಂಥದ್ದು. ಆಪರೇಷನ್, ಆಮೇಲೆ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕಿಮೊ ಮಾತ್ರೆ ಎನ್ನುವುದು ಅದರ ಕ್ರಮ. ಈ ಸರಪಳಿಯಲ್ಲಿ ಎಲ್ಲೂ ತಿಂಗಳುಗಟ್ಟಲೆ ಬಿಡುವು ಕೊಡುವಂತಿಲ್ಲ. ಮಕ್ಕಳಲ್ಲಿ ಕಾಣುವ ಮೆಡುಲೋಬ್ಲಾಸ್ಟೋಮವೂ ಅಷ್ಟೇ. ಅದು ಹಿಂದಲೆಯಲ್ಲಿ ಬೆಳೆದು ಮೆದುಳಿನ ನೀರು ಹರಿಯುವ ದಾರಿಯನ್ನೇ ಮುಚ್ಚಿಬಿಡಬಹುದು. ಹಾಗಾದಾಗ ಮಗುವಿಗೆ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ. ನಡೆಯುವಾಗ ಓಲಾಡುತ್ತದೆ. ಇಂಥ ಮಗುವನ್ನು ‘ಕೊರೊನಾ ಮುಗಿಯಲಿ’ ಎಂದು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು.

ಮೆದುಳಿನ ಬುಡದಲ್ಲಿರುವ ಪುಟ್ಟ ಹಾರ್ಮೋನ್ ಗ್ರಂಥಿ ಪಿಟ್ಯುಟರಿ. ಅಲ್ಲಿನ ಗೆಡ್ಡೆಯ ಲೆಕ್ಕ ಬೇರೆ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಸುರಿಸುವ ಬಗೆಗೆ ಎಷ್ಟೋ ಸಲ ಕ್ಯಾಬರ್ಗೋಲಿನ್ ಮಾತ್ರೆಯೇ ಸಾಕು, ಆಪರೇಷನ್ ಬೇಡ. ಆದರೆ ಗೆಡ್ಡೆ ಕಣ್ಣಿನ ನರವನ್ನು ಒತ್ತುತ್ತಿದ್ದರೆ ಪ್ರತಿ ವಾರವೂ ಲೆಕ್ಕಕ್ಕೆ ಬರುತ್ತದೆ. ಹೋದ ದೃಷ್ಟಿ ಎಲ್ಲರಿಗೂ ವಾಪಸ್ ಬರುವುದಿಲ್ಲ.

ಆದ್ದರಿಂದ ಹೆಸರಿನ ಜೊತೆ ಜಾಗವನ್ನೂ ಕೇಳಿ. ಕ್ಯಾನ್ಸರ್ ಅಲ್ಲದ ಮೆನಿಂಜಿಯೋಮ ಕೂಡ ಕಣ್ಣಿನ ನರದ ಮೇಲೆ ಅಥವಾ ಮೆದುಳಿನ ಕಾಂಡದ ಪಕ್ಕ ಕೂತಿದ್ದರೆ ಅವಸರದ ಸಾಲಿಗೆ ಬರುತ್ತದೆ. ‘ಬಿನೈನ್ ಅಂತೆ, ಏನೂ ಆಗಲ್ಲ’ ಎನ್ನುವ ಸಮಾಧಾನ ಪೂರ್ತಿ ಸರಿಯಲ್ಲ. ಗೆಡ್ಡೆ ಒಳ್ಳೆಯದೋ ಕೆಟ್ಟದೋ, ತಲೆಬುರುಡೆ ಅಂತೂ ಹಿಗ್ಗುವುದಿಲ್ಲ.

ದಿನಾಂಕ ಮುಂದೆ ಹೋಯಿತು ಎಂದಾಗ ಕೇಳಬೇಕಾದ ಪ್ರಶ್ನೆಗಳು

ಆಪರೇಷನ್ ಮುಂದಕ್ಕೆ ಹಾಕುವುದಕ್ಕೆ ಎರಡು ಕಾರಣ ಇರುತ್ತವೆ. ಒಂದು, ಆಸ್ಪತ್ರೆಯಲ್ಲಿ ಜಾಗ ಇಲ್ಲದಿರುವುದು. ಮೆದುಳಿನ ಆಪರೇಷನ್ ಆದವರಿಗೆ ಐಸಿಯು ಮಂಚ ಬೇಕು, ವೆಂಟಿಲೇಟರ್ ತಯಾರಿರಬೇಕು, ರಕ್ತ ಬೇಕು. 2020ರಲ್ಲಿ ಕಾಲೇಜುಗಳು ಮುಚ್ಚಿ, ರಕ್ತದಾನ ಶಿಬಿರಗಳು ನಿಂತು, ಬ್ಲಡ್ ಬ್ಯಾಂಕುಗಳು ಬರಿದಾಗಿದ್ದವು.

ಎರಡನೆಯದು ರೋಗಿಯ ಒಳ್ಳೆಯದಕ್ಕೇ ಇರುವ ಕಾರಣ. ಮೊದಲ ಅಲೆಯಲ್ಲಿ ಆಪರೇಷನ್ನಿನ ಆಸುಪಾಸಿನಲ್ಲಿ ಕೋವಿಡ್ ತಗುಲಿದ್ದ 1,128 ರೋಗಿಗಳನ್ನು 24 ದೇಶಗಳಲ್ಲಿ ಗಮನಿಸಿದರು. ಎಲ್ಲ ಬಗೆಯ ಆಪರೇಷನ್‌ಗಳೂ ಅದರಲ್ಲಿ ಸೇರಿದ್ದವು. 30 ದಿನಗಳೊಳಗೆ ಸತ್ತವರು ನೂರಕ್ಕೆ 23.8. ಅರ್ಧಕ್ಕಿಂತ ಜಾಸ್ತಿ ಜನರಿಗೆ ಶ್ವಾಸಕೋಶದ ತೊಂದರೆ ಆಗಿತ್ತು. ಆಗ ಲಸಿಕೆ ಇರಲಿಲ್ಲ. ಈ ಅಂಕಿ ನೋಡಿದ ಯಾವ ಸರ್ಜನ್ ತಾನೇ ಕಾಯಬಹುದಾದ ಗೆಡ್ಡೆಗೆ ಕೈ ಹಾಕಿಯಾರು?

ಮೂಗಿನ ಮೂಲಕ ಮಾಡುವ ಆಪರೇಷನ್‌ಗಳಿಗೆ ಇನ್ನೊಂದು ತೊಡಕಿತ್ತು. ವೈರಸ್ ಜಾಸ್ತಿ ಇರುವುದೇ ಮೂಗು, ಗಂಟಲಿನಲ್ಲಿ. ಅಲ್ಲಿ ಡ್ರಿಲ್ ಓಡಿಸಿದರೆ ಸೂಕ್ಷ್ಮ ಹನಿಗಳು ಕೋಣೆ ತುಂಬ ಹಾರುತ್ತವೆ. ಹಾಗಾಗಿ ಹೆಚ್ಚಾಗಿ ಮೂಗಿನ ಮೂಲಕವೇ ಮಾಡುವ ಪಿಟ್ಯುಟರಿ ಆಪರೇಷನ್‌ಗಳನ್ನು ಆ ದಿನಗಳಲ್ಲಿ ಬಹಳ ಕಡೆ ತಡೆಹಿಡಿದರು.

ಆದ್ದರಿಂದ ಆಸ್ಪತ್ರೆಯ ಮೇಲೆ ಸಿಟ್ಟಾಗುವ ಮೊದಲು ಕಾರಣ ಕೇಳಿ. ಜಾಗ ಇಲ್ಲದ್ದೇ ಕಾರಣವಾದರೆ, “ಡಾಕ್ಟ್ರೇ, ಬೇರೆ ಯಾವ ಆಸ್ಪತ್ರೆಯಲ್ಲಿ ಈಗ ಮಾಡ್ತಿದ್ದಾರೆ? ಒಂದು ರೆಫರಲ್ ಬರೆದುಕೊಡ್ತೀರಾ?” ಎಂದು ಕೇಳುವುದರಲ್ಲಿ ಸಂಕೋಚ ಬೇಡ. ರೋಗಿಯ ಸುರಕ್ಷತೆಗಾಗಿ ಎಂದಾದರೆ ಈ ಮೂರನ್ನು ಕೇಳಿ, ಉತ್ತರವನ್ನು ಫೈಲಿನಲ್ಲೇ ಬರೆಸಿಕೊಳ್ಳಿ:

- ಯಾವ ತಾರೀಖಿನೊಳಗೆ ಮತ್ತೆ ನೋಡುತ್ತೀರಿ, ಮುಂದಿನ ಎಂಆರ್‌ಐ ಯಾವಾಗ?
- ಯಾವ ಲಕ್ಷಣ ಕಂಡರೆ ಆ ತಾರೀಖಿಗೆ ಕಾಯದೆ ಬರಬೇಕು?
- ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

“ನಾವೇ ತಿಳಿಸ್ತೀವಿ” ಎಂಬ ಮಾತನ್ನು ಉತ್ತರವೆಂದು ಒಪ್ಪಬೇಡಿ. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ನೂರಾರು ಫೈಲುಗಳ ನಡುವೆ ನಿಮ್ಮದನ್ನು ಮೇಲೆ ತರುವವರು ನೀವೇ. ವಾರಕ್ಕೊಮ್ಮೆ ಮರ್ಯಾದೆಯಿಂದ ಫೋನ್ ಮಾಡಿ. ರೋಗಿಯ ಹೆಸರು, ಆಸ್ಪತ್ರೆ ನಂಬರ್, ಗೆಡ್ಡೆಯ ಹೆಸರು, ಈ ವಾರ ಹೊಸದಾಗಿ ಕಂಡದ್ದೇನು ಎಂದು ಚುಟುಕಾಗಿ ಹೇಳಿ.

ಮನೆಯಲ್ಲಿ ಕಾಯುವಾಗ ಕಣ್ಣಿಡಬೇಕಾದ ಸಂಗತಿಗಳು

ಇಲ್ಲಿಯೇ ಮಹಾಮಾರಿ ಜನರನ್ನು ಜಾಸ್ತಿ ದಾರಿ ತಪ್ಪಿಸುವುದು. ತಲೆನೋವು ಬಂದರೆ ಜ್ವರದ್ದು ಎಂದುಕೊಳ್ಳುತ್ತೇವೆ. ವಾಸನೆ ಗೊತ್ತಾಗದಿದ್ದರೆ ಕೊರೊನಾ ಎಂದುಕೊಳ್ಳುತ್ತೇವೆ. ಆದರೆ ಹಣೆಯ ಹಿಂದೆ, ಮೂಗಿನ ಮೇಲ್ಭಾಗದಲ್ಲಿ ಬೆಳೆಯುವ ಮೆನಿಂಜಿಯೋಮವೂ ವಾಸನೆಯನ್ನು ಕಸಿಯುತ್ತದೆ. ಎರಡಕ್ಕೂ ವ್ಯತ್ಯಾಸವಿದೆ. ವೈರಸ್‌ನಿಂದ ಆದದ್ದು ಸಾಮಾನ್ಯವಾಗಿ ಏಕಾಏಕಿ ಬರುತ್ತದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಗೆಡ್ಡೆಯಿಂದ ಆದದ್ದು ಮೆಲ್ಲಮೆಲ್ಲಗೆ ಬರುತ್ತದೆ, ಬಿಡುವುದಿಲ್ಲ.

ತಲೆಯೊಳಗಿನ ಒತ್ತಡ ಏರುತ್ತಿದ್ದರೆ ತಲೆನೋವು ಬೆಳಗಿನ ಜಾವ ಜೋರಾಗಿರುತ್ತದೆ. ಕೆಮ್ಮಿದರೆ, ಬಗ್ಗಿದರೆ ಜಾಸ್ತಿಯಾಗುತ್ತದೆ. ಹೊಟ್ಟೆ ಸರಿಯಿದ್ದರೂ ವಾಂತಿ ಆಗುತ್ತದೆ, ಕಣ್ಣು ಮಂಜಾಗುತ್ತದೆ. ಇದಕ್ಕಿಂತ ಮುಖ್ಯ ಲಕ್ಷಣ ಮಂಪರು. ನಿನ್ನೆಯವರೆಗೆ ಮಾತಾಡುತ್ತಿದ್ದವರು ಇವತ್ತು ಕರೆದರೆ ಸುಮ್ಮನೆ ‘ಹೂಂ’ ಎಂದು ಮತ್ತೆ ನಿದ್ದೆಗೆ ಜಾರುತ್ತಿದ್ದರೆ ಅದನ್ನು ಸುಸ್ತು ಎಂದು ಬಿಡಬೇಡಿ. ಒಂದು ಕೈ ಅಥವಾ ಕಾಲು ಸೋಲುವುದು, ಬಾಯಿ ವಾರೆಯಾಗುವುದು, ಮಾತು ತೊದಲುವುದು, ಒಂದರ ಹಿಂದೆ ಒಂದು ಫಿಟ್ಸ್ ಬರುವುದು, ಪಿಟ್ಯುಟರಿ ಗೆಡ್ಡೆ ಇರುವವರಿಗೆ ಸಿಡಿಲು ಹೊಡೆದಂಥ ತಲೆನೋವಿನ ಜೊತೆ ಕಣ್ಣು ಕತ್ತಲಾಗುವುದು, ಇವೆಲ್ಲ ಆ ಗಂಟೆಯಲ್ಲೇ ಹೊರಡಬೇಕಾದ ಸೂಚನೆಗಳು. ಲಾಕ್‌ಡೌನ್ ಇರಲಿ, ಸೋಂಕು ಇರಲಿ, 108ಕ್ಕೆ ಫೋನ್ ಮಾಡಿ. ಸೋಂಕಿದೆ ಎಂದು ಗೊತ್ತಿದ್ದರೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಅವರು ಅದಕ್ಕೆ ತಕ್ಕ ಆಸ್ಪತ್ರೆ ನೋಡುತ್ತಾರೆ.

ಫಿಟ್ಸ್ ಬಂದಾಗ ಏನು ಮಾಡಬೇಕು ಎನ್ನುವುದನ್ನು ಮನೆಮಂದಿಯೆಲ್ಲ ಕಲಿತಿರಲಿ. ಒಂದು ಪಕ್ಕಕ್ಕೆ ಮಲಗಿಸಿ. ಕುತ್ತಿಗೆಯ ಗುಂಡಿ ಸಡಿಲಿಸಿ. ತಲೆಯ ಕೆಳಗೆ ಮೆತ್ತನೆಯದು ಏನಾದರೂ ಇಡಿ. ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಪ್ರಯೋಜನವಿಲ್ಲ. 5 ನಿಮಿಷ ದಾಟಿದರೆ ಆಂಬುಲೆನ್ಸ್. ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ಜ್ವರ ಬಂದಾಗ ಫಿಟ್ಸ್ ಮರುಕಳಿಸುವ ಸಂಭವ ಜಾಸ್ತಿ. ಹಾಗಾಗಿ ಜ್ವರವನ್ನು ಏರಲು ಬಿಡದೆ ಪ್ಯಾರಸಿಟಮಾಲ್ ಕೊಡಿ.

ಒಂದು ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿರಲಿ. ಆಮ್ಲಜನಕ ಕಡಿಮೆಯಾದರೆ ಎಲ್ಲರಿಗೂ ಅಪಾಯ, ಗೆಡ್ಡೆ ಇದ್ದವರಿಗೆ ಇನ್ನೂ ಜಾಸ್ತಿ. ಉಸಿರಾಟ ಸರಿಯಿಲ್ಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮೆದುಳಿನ ರಕ್ತನಾಳಗಳು ಅಗಲವಾಗಿ, ಮೊದಲೇ ಇಕ್ಕಟ್ಟಾಗಿರುವ ಜಾಗದಲ್ಲಿ ಒತ್ತಡ ಇನ್ನಷ್ಟು ಏರುತ್ತದೆ. ರೀಡಿಂಗ್ 94ಕ್ಕಿಂತ ಕೆಳಗೆ ನಿಂತರೆ ಮನೆಯಲ್ಲಿ ಕಾಯಬೇಡಿ.

ಮಾತ್ರೆಗಳು

ಮೆದುಳಿನ ಗೆಡ್ಡೆಯ ಮನೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಮಾತ್ರೆಯ ಹೆಸರು ಗೊತ್ತಿಲ್ಲದವರಿಲ್ಲ. ಗೆಡ್ಡೆಯ ಸುತ್ತ ಕಟ್ಟುವ ಊತವನ್ನು ಅದು ಇಳಿಸುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ಈ ಮಾತ್ರೆ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಸಾವನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಆಮೇಲೆ ಎರಡು ಬಗೆಯ ಗೊಂದಲ ಹುಟ್ಟಿತು. ಕೆಲವರು ‘ಸ್ಟೆರಾಯ್ಡ್ ತಗೊಂಡ್ರೆ ರೋಗನಿರೋಧಕ ಶಕ್ತಿ ಹೋಗುತ್ತೆ’ ಎಂದು ಗೆಡ್ಡೆಗೆ ಕೊಟ್ಟಿದ್ದನ್ನೇ ನಿಲ್ಲಿಸಿದರು. ಇನ್ನು ಕೆಲವರು ‘ಕೊರೊನಾಗೂ ಒಳ್ಳೇದಂತೆ’ ಎಂದು ತಾವೇ ಜಾಸ್ತಿ ನುಂಗಿದರು. ಎರಡೂ ಅಪಾಯ.

ಕೆಲವು ವಾರ ಸ್ಟೆರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಬಿಪಿ ಬೀಳುತ್ತದೆ, ವಾಂತಿ, ನಿತ್ರಾಣ ಶುರುವಾಗುತ್ತದೆ. ಜೊತೆಗೆ ಮೆದುಳಿನ ಊತವೂ ಮರಳುತ್ತದೆ. ಕಡಿಮೆ ಮಾಡುವುದಿದ್ದರೆ ಡಾಕ್ಟರು ಬರೆದಂತೆ ಹಂತ ಹಂತವಾಗಿ ಮಾತ್ರ. ಪಿಟ್ಯುಟರಿ ತೊಂದರೆಯಿಂದ ಹೈಡ್ರೊಕಾರ್ಟಿಸೋನ್ ಮಾತ್ರೆಯ ಮೇಲಿರುವವರು ಇನ್ನೂ ಎಚ್ಚರದಿಂದಿರಬೇಕು. ಜ್ವರ ಬಂದ ದಿನಗಳಲ್ಲಿ ಅವರಿಗೆ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು. ‘ಜ್ವರ ಬಂದರೆ ಎಷ್ಟು?’ ಎಂದು ಆರೋಗ್ಯವಾಗಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆಸಿ, ಫ್ರಿಜ್ ಬಾಗಿಲಿಗೆ ಅಂಟಿಸಿ.

ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಕರ್ನಾಟಕವನ್ನೂ ಎಷ್ಟು ಕಾಡಿತು ಎನ್ನುವುದು ನೆನಪಿದೆ ಅಲ್ವಾ? ಸೋಂಕು, ಸ್ಟೆರಾಯ್ಡ್, ಹತೋಟಿಯಲ್ಲಿಲ್ಲದ ಸಕ್ಕರೆ ಮೂರೂ ಒಟ್ಟಾದ ದೇಹದಲ್ಲಿ ಅದು ಜಾಸ್ತಿ ಕಾಣಿಸಿತು. ಮೂಗು, ಕಣ್ಣಿನಿಂದ ಅದು ಮೆದುಳಿಗೂ ಏರಬಲ್ಲದು. ಡೆಕ್ಸಾ ತೆಗೆದುಕೊಳ್ಳುವವರು ಮೊದಲು ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಗ್ಲುಕೋಮೀಟರ್‌ನಲ್ಲಿ ಆಗಾಗ ನೋಡಿಕೊಳ್ಳಬೇಕು. ಮುಖದ ಒಂದೇ ಪಕ್ಕ ಊತ, ನೋವು, ಮೂಗಿನಿಂದ ಕಪ್ಪಗಿನ ಸ್ರಾವ, ಎರಡೆರಡು ಕಾಣುವುದು, ಹಲ್ಲು ಅಲುಗಾಡುವುದು ಕಂಡರೆ ಅದೇ ದಿನ ತೋರಿಸಿ.

ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಊರಿನ ಮೆಡಿಕಲ್ ಶಾಪ್‌ಗೆ ಮಾಲು ಬರುವುದೇ ನಿಂತಿದ್ದ ದಿನಗಳನ್ನು ನೋಡಿದ್ದೇವೆ. ಡಾಕ್ಟರು ಒಪ್ಪಿದರೆ ಕನಿಷ್ಠ ಒಂದು ತಿಂಗಳಿಗಾಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಕ್ಲೊಬಾಜಾಮ್‌ನಂಥ ಮಾತ್ರೆಗೆ ಸರಿಯಾದ ಚೀಟಿ ಇಲ್ಲದೆ ಕೊಡುವುದಿಲ್ಲ, ಆ ಚೀಟಿಯನ್ನು ಹಳೆಯದಾಗಲು ಬಿಡಬೇಡಿ. ಫೆನಿಟೋಯಿನ್, ಕಾರ್ಬಮಜೆಪೈನ್ ತೆಗೆದುಕೊಳ್ಳುವವರು ಸೋಂಕಿಗೆ ಬೇರೆ ಡಾಕ್ಟರನ್ನು ಕಂಡರೆ ಮರೆಯದೆ ಹೇಳಬೇಕು. ಇವು ಬೇರೆ ಮಾತ್ರೆಗಳ ಬಲವನ್ನು ಕುಗ್ಗಿಸುತ್ತವೆ. ಕೋವಿಡ್‌ಗೆ ಬಂದ ನಿರ್ಮಾಟ್ರೆಲ್ವಿರ್–ರಿಟೊನಾವಿರ್ ಜೋಡಿಯನ್ನು ಇವುಗಳ ಜೊತೆ ಕೊಡುವಂತೆಯೇ ಇಲ್ಲ. ಮೈಕೈ ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆ ತಾವಾಗಿಯೇ ನುಂಗುವುದೂ ಬೇಡ. ಡೆಕ್ಸಾ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಕಷಾಯ ಕುಡಿಯಿರಿ, ಬೇಡ ಎನ್ನುವುದಿಲ್ಲ. ಅದು ಮಾತ್ರೆಯ ಜಾಗಕ್ಕೆ ಬರಬಾರದು ಅಷ್ಟೇ.

ಫೈಲು, ಫೋನು, ದಾರಿ

ನಿಮ್ಹಾನ್ಸ್, ಕಿದ್ವಾಯಿಗೆ ರಾಯಚೂರು, ಬೀದರ್, ಚಾಮರಾಜನಗರ ಎಲ್ಲ ಕಡೆಗಳಿಂದ ಬರುತ್ತಾರೆ. ಬಸ್ಸು, ರೈಲು ನಿಂತಾಗ ಫೈಲು ಬೆಂಗಳೂರಿನಲ್ಲಿ, ರೋಗಿ ಊರಿನಲ್ಲಿ ಎಂದಾಗಬಾರದು. ಎಂಆರ್‌ಐ ಆದ ದಿನವೇ ರಿಪೋರ್ಟಿನ ಜೊತೆ ಸಿಡಿ ಕೇಳಿ ಪಡೆಯಿರಿ. ಸರ್ಜನ್‌ಗೆ ಬೇಕಾಗಿರುವುದು ರಿಪೋರ್ಟಿಗಿಂತ ಚಿತ್ರಗಳೇ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು ಕೊನೆಯ ದಾರಿ ಮಾತ್ರ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಈಗಿನ ಮಾತ್ರೆಗಳ ಪಟ್ಟಿ, ರಕ್ತದ ಗುಂಪು, ಅಲರ್ಜಿ, ಇಷ್ಟರ ಫೋಟೋಗಳು ಮನೆಯ ಇಬ್ಬರ ಫೋನಿನಲ್ಲಿರಲಿ.

2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಅಲ್ಲಿಂದ ಫೋನ್, ವಿಡಿಯೋ ಮೂಲಕ ನೋಡಿ ಮಾತ್ರೆ ಬರೆಯುವುದಕ್ಕೆ ಸ್ಪಷ್ಟ ದಾರಿ ಆಯಿತು. ಸರ್ಕಾರದ ಇ-ಸಂಜೀವಿನಿಯಲ್ಲಿ ಉಚಿತವಾಗಿ ಡಾಕ್ಟರ ಜೊತೆ ಮಾತಾಡಬಹುದು. ವಿಡಿಯೋ ಕರೆಯಲ್ಲಿ ರೋಗಿಯನ್ನು ಬೆಳಕಿನ ಎದುರು ಕೂರಿಸಿ. ಎರಡೂ ಕೈ ಮುಂದೆ ಚಾಚಿಸಿ, ನಗಿಸಿ, ನಾಲ್ಕು ಹೆಜ್ಜೆ ನಡೆಸಿ ತೋರಿಸಿ. ನರರೋಗದ ಡಾಕ್ಟರಿಗೆ ಇಷ್ಟರಲ್ಲೇ ಬಹಳ ಗೊತ್ತಾಗುತ್ತದೆ.

ಆದರೆ ಫೋನಿನಲ್ಲಿ ಕಣ್ಣಿನ ನರ ನೋಡಲು ಆಗುವುದಿಲ್ಲ. ದೃಷ್ಟಿ ಕಡಿಮೆ ಆಗುತ್ತಿದೆ ಎನಿಸಿದರೆ ಹತ್ತಿರದ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ಡಾಕ್ಟರ ಬಳಿ ಹೋಗಿ, ಅವರು ಬರೆದುಕೊಟ್ಟದ್ದನ್ನು ಬೆಂಗಳೂರಿಗೆ ಕಳಿಸಿ. ಸ್ಕ್ಯಾನನ್ನೂ ಹತ್ತಿರದ ಊರಿನಲ್ಲಿ ಮಾಡಿಸಿ ಸಿಡಿ ಕಳಿಸಬಹುದೇ ಎಂದು ಕೇಳಿ. ಹುಬ್ಬಳ್ಳಿ, ಬೆಳಗಾವಿ, ಮಣಿಪಾಲ, ಮಂಗಳೂರುಗಳಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗಗಳೇ ಇವೆ. ದಾರಿ ಮುಚ್ಚಿದ ದಿನ ಅಲ್ಲಿಯೇ ಆಪರೇಷನ್ ಮಾಡಿಸುವುದು ಎಷ್ಟೋ ಸಲ ಜಾಣತನ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆ ಕಾಗದವನ್ನು ದಿನಾಂಕ ಸಿಗುವ ಮೊದಲೇ ಮಾಡಿಸಿಡಿ. ಯೋಜನೆಯ ಕಾರ್ಡ್, ರೇಷನ್ ಕಾರ್ಡ್, ಆಧಾರ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿಕೊಳ್ಳಿ. ಕಚೇರಿಗಳು ಮುಚ್ಚಿದ ಮೇಲೆ ಒಂದಕ್ಷರ ತಿದ್ದಿಸುವುದೂ ದೊಡ್ಡ ಕೆಲಸ. ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಆಪರೇಷನ್‌ಗೆ ಮೊದಲು ಸೋಂಕು ತಗುಲಿದರೆ

2020ರ ಅಕ್ಟೋಬರ್‌ನಲ್ಲಿ 116 ದೇಶಗಳ 1,40,231 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಸೋಂಕೇ ಇಲ್ಲದವರಲ್ಲಿ ಆಪರೇಷನ್ ಆದ 30 ದಿನಗಳೊಳಗೆ ಸಾವು ನೂರಕ್ಕೆ 1.5. ಸೋಂಕು ಗೊತ್ತಾದ 2 ವಾರದೊಳಗೆ ಆಪರೇಷನ್ ಮಾಡಿದರೆ 4.1. ಆರನೇ ವಾರದ ತನಕವೂ 3.6ರ ಆಸುಪಾಸು. 7 ವಾರ ಕಳೆದರೆ ಮತ್ತೆ 1.5. ಹೀಗಾಗಿ ‘ಸಾಧ್ಯವಾದರೆ 7 ವಾರ ಬಿಡಿ’ ಎಂಬ ಸಲಹೆ ಬಂತು. 7 ವಾರ ಕಳೆದರೂ ಕೆಮ್ಮು, ಏದುಸಿರು ಉಳಿದವರಲ್ಲಿ ಅಪಾಯ ಉಳಿದೇ ಇತ್ತು, ನೂರಕ್ಕೆ 6. ಲಸಿಕೆ ಬಂದು, ಒಮಿಕ್ರಾನ್ ಬಂದ ಮೇಲೆ ಎಲ್ಲರಿಗೂ 7 ವಾರ ಎಂಬ ನಿಯಮ ಸಡಿಲವಾಯಿತು, ಒಬ್ಬೊಬ್ಬರನ್ನು ನೋಡಿ ನಿರ್ಧರಿಸಲು ಶುರುಮಾಡಿದರು. ಮುಂದಿನ ವೈರಸ್ ಬೇರೆಯದಾದರೆ ಈ ಲೆಕ್ಕವೂ ಬೇರೆಯಾಗುತ್ತದೆ. ಆಗ ಆಗಿನ ಅಂಕಿಯನ್ನೇ ಕೇಳಿ.

7 ವಾರ ಎನ್ನುವುದು ಕಾಯಬಹುದಾದ ಗೆಡ್ಡೆಗೆ ಮಾತ್ರ. ಪ್ರಜ್ಞೆ ಮಸುಕಾಗುತ್ತಿದ್ದರೆ, ಮೆದುಳಿನಲ್ಲಿ ನೀರು ತುಂಬುತ್ತಿದ್ದರೆ, ದೃಷ್ಟಿ ಹೋಗುತ್ತಿದ್ದರೆ ಪಾಸಿಟಿವ್ ಇದ್ದರೂ ಆಪರೇಷನ್ ಮಾಡುತ್ತಾರೆ, ಮಾಡಬೇಕು. ಕೆಲವೊಮ್ಮೆ ಗೆಡ್ಡೆಯನ್ನು ಮುಟ್ಟದೆ ಷಂಟ್ (ನೀರನ್ನು ಬೇರೆಡೆಗೆ ಹರಿಸುವ ನಳಿಕೆ) ಹಾಕಿ ಅಥವಾ ದುರ್ಬೀನಿನಿಂದ ನೀರಿಗೆ ದಾರಿ ಮಾಡಿ, ಒತ್ತಡ ಇಳಿಸಿ, ದೊಡ್ಡ ಆಪರೇಷನ್ನನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಬಹುದು. ‘ಹೀಗೆ ಮಾಡಲು ಆಗುತ್ತಾ?’ ಎಂದು ಕೇಳಿ ನೋಡಿ.

ಅಡ್ಮಿಟ್ ಆಗುವಾಗ

ಕರೆ ಬಂದ ಮೇಲೆ ಆಪರೇಷನ್ ದಿನದ ತನಕ ರೋಗಿ ಮತ್ತು ಜೊತೆಗಿರುವವರು ಮದುವೆ, ತಿಥಿ, ಸಂತೆ ಎಲ್ಲ ಬಿಡಬೇಕು. ಬಂಧುಗಳು ‘ಆಪರೇಷನ್‌ಗೆ ಮುಂಚೆ ಒಂದ್ಸಲ ನೋಡ್ಕೊಂಡು ಹೋಗ್ತೀವಿ’ ಎಂದರೆ ಫೋನಿನಲ್ಲೇ ಮಾತಾಡಿಸಿ. ಬೇಜಾರಾದರೂ ಪರವಾಗಿಲ್ಲ.

ಮೂಗಿನ ಮೂಲಕ ಮೊದಲೇ ಆಪರೇಷನ್ ಆಗಿದ್ದರೆ, ಸ್ವಾಬ್ ತೆಗೆಯುವವರಿಗೆ ಹಾಗೆಂದು ಹೇಳಲೇಬೇಕು. ಮೂಗಿನ ಮೇಲ್ಭಾಗದಲ್ಲಿ ಮೂಗಿಗೂ ಮೆದುಳಿಗೂ ನಡುವಿನ ಗೋಡೆ ತೆಳುವಾಗಿರುತ್ತದೆ. ಸ್ವಾಬ್ ತಾಗಿ ಮೆದುಳಿನ ನೀರು ಸೋರಿದ ಪ್ರಕರಣ ಅಮೆರಿಕದಲ್ಲಿ 2020ರಲ್ಲೇ ವರದಿಯಾಗಿತ್ತು. ಆ ಮಹಿಳೆಗೆ ಗೊತ್ತಿಲ್ಲದೆಯೇ ಅಲ್ಲೊಂದು ದೋಷವಿತ್ತು. ಗಂಟಲಿನಿಂದ ತೆಗೆಯಿರಿ ಎಂದು ಕೇಳಿ.

ಎಂಆರ್‌ಐ ಕೋಣೆಗೆ ಹೋಗುವಾಗ ಮಾಸ್ಕ್ ನೋಡಿ. ಮೂಗಿನ ಮೇಲೆ ಬಗ್ಗಿಸುವ ತಂತಿ ಲೋಹದ್ದಾದರೆ ಆ ಕಾಂತದಲ್ಲಿ ಬಿಸಿಯಾಗಿ ಮುಖ ಸುಡಬಹುದು. ತಂತಿಯಿಲ್ಲದ ಮಾಸ್ಕ್ ಕೇಳಿ.

ಜೊತೆಗೆ ಒಬ್ಬರನ್ನೇ ಬಿಡುತ್ತಾರೆ, ಐಸಿಯು ಒಳಗೆ ಯಾರನ್ನೂ ಬಿಡುವುದಿಲ್ಲ. ಮಾತು ತೊದಲುವ, ಮರೆವಿರುವ ರೋಗಿಗೆ ಇದು ಬಹಳ ಕಷ್ಟ. ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಫೈಲಿಗೆ ಹಚ್ಚಿ: ರೋಗಿಗೆ ಯಾವ ಭಾಷೆ ಬರುತ್ತದೆ, ಕಿವಿ ಯಾವ ಕಡೆ ಕೇಳುತ್ತದೆ, ಕನ್ನಡಕ ಇದೆಯಾ, ಕಟ್ಟಿದ ಹಲ್ಲು ಇದೆಯಾ, ಮನೆಯಲ್ಲಿ ಏನೆಂದು ಕರೆಯುತ್ತಾರೆ. “ಸಿಸ್ಟರ್, ದಿನಕ್ಕೊಂದ್ಸಲ ವಿಡಿಯೋದಲ್ಲಿ ಮುಖ ತೋರಿಸ್ತೀರಾ?” ಎಂದು ಕೇಳಿ. ಕೈತುಂಬ ಕೆಲಸದ ನಡುವೆಯೂ ಹೀಗೆ ಮುಖ ತೋರಿಸಿದ ನರ್ಸ್‌ಗಳನ್ನು ಕಂಡಿದ್ದೇನೆ, ಅವರ ಋಣ ದೊಡ್ಡದು. ರಕ್ತ ಕೊಡಲು ಆರೋಗ್ಯವಾಗಿರುವ ಇಬ್ಬರು ಮೂವರನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಮಹಾಮಾರಿಯ ಕಾಲದಲ್ಲಿ ಬೇಗ ಡಿಸ್ಚಾರ್ಜ್ ಮಾಡುತ್ತಾರೆ. ವಾರ್ಡಿನಲ್ಲಿ ನರ್ಸ್ ನೋಡುತ್ತಿದ್ದುದನ್ನು ಮನೆಯವರೇ ನೋಡಬೇಕಾಗುತ್ತದೆ.

ಮೂಗಿನ ಮೂಲಕ ಆಪರೇಷನ್ ಆದವರಿಗೆ ಬಗ್ಗಿದಾಗ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳಬೇಡಿ. ಗಂಟಲಿಗೆ ಇಳಿದರೆ ಉಪ್ಪುಪ್ಪು ರುಚಿ ಬರುತ್ತದೆ. ಅದು ಮೆದುಳಿನ ನೀರಾಗಿರಬಹುದು. ಆ ದಾರಿಯಲ್ಲೇ ಸೋಂಕು ಒಳಗೆ ಹೋಗಿ ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ) ಆಗಬಹುದು. ಡಾಕ್ಟರು ಹೇಳುವ ತನಕ ಮೂಗು ಜೋರಾಗಿ ಸೀಟಬಾರದು, ತಿಣುಕಬಾರದು, ಭಾರ ಎತ್ತಬಾರದು. ಇವರಿಗೇನಾದರೂ ಕೋವಿಡ್ ಜೋರಾಗಿ, ಒತ್ತಡದಿಂದ ಗಾಳಿ ತಳ್ಳುವ ಮಾಸ್ಕ್ ಹಾಕುವ ಸಂದರ್ಭ ಬಂದರೆ ಆಪರೇಷನ್ ವಿಷಯವನ್ನು ಮೊದಲು ಹೇಳಿ. ಗಾಳಿ ತಲೆಬುರುಡೆಯೊಳಗೆ ನುಗ್ಗಬಹುದು. ಪಿಟ್ಯುಟರಿ ಆಪರೇಷನ್ ಆಗಿ ಸುಮಾರು ಒಂದು ವಾರಕ್ಕೆ ಸೋಡಿಯಂ ಇಳಿದು ವಾಂತಿ, ಮಂಪರು ಕಾಣಿಸುವುದುಂಟು. ಊರಿನ ಲ್ಯಾಬಿನಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಜ್ವರ ಬಂದರೆ ಕೊರೊನಾ ಪರೀಕ್ಷೆಯ ಜೊತೆಗೆ ಗಾಯವನ್ನೂ ನೋಡಿ. ಕೆಂಪಾಗಿದೆಯಾ, ಊದಿದೆಯಾ, ಒಸರುತ್ತಿದೆಯಾ? ಕುತ್ತಿಗೆ ಬಿಗಿಯಾಗಿದ್ದರೆ ಕಾಯಬೇಡಿ. ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಜ್ವರಕ್ಕೆ ಬೇರೆ ಕಾರಣ ಇಲ್ಲವೆಂದು ಅಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಗ್ಲಯೋಮ ಇರುವವರಿಗೆ ಈ ಅಪಾಯ ಮೊದಲೇ ಜಾಸ್ತಿ, ಕೋವಿಡ್ ಅದನ್ನು ಇನ್ನೂ ಏರಿಸುತ್ತದೆ.

ರೇಡಿಯೇಷನ್ ಶುರುವಾದ ಮೇಲೆ ನಡುವೆ ನಿಲ್ಲದಂತೆ ನೋಡಿಕೊಳ್ಳಬೇಕು. ಗ್ಲಯೋಬ್ಲಾಸ್ಟೋಮಕ್ಕೆ ಸಾಮಾನ್ಯವಾಗಿ 6 ವಾರಗಳಲ್ಲಿ 30 ಸಲ ಕೊಡುತ್ತಾರೆ. ವಯಸ್ಸಾದವರಿಗೆ 3 ವಾರದ, 15 ಸಲದ ಕ್ರಮವೂ ಇದೆ. ಓಡಾಟ ತಗ್ಗಿಸಲು ಮಹಾಮಾರಿಯ ದಿನಗಳಲ್ಲಿ ಇದಕ್ಕೆ ಒಲವು ಹೆಚ್ಚಿತು. ನಿಮ್ಮ ಮನೆಯ ಹಿರಿಯರಿಗೆ ಅದು ಹೊಂದುತ್ತದೆಯೇ ಎಂದು ಕೇಳಿ. ದಿನಾ ಊರಿಂದ ಓಡಾಡುವ ಬದಲು ಆಸ್ಪತ್ರೆಯ ಹತ್ತಿರ ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯಿರಿ. ಟೆಮೊಜೊಲೊಮೈಡ್ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಆ ಮಾತ್ರೆಯ ಮೇಲಿರುವಾಗ ಜ್ವರ ಬಂದರೆ ಅದೇ ದಿನ ಬ್ಲಡ್ ಕೌಂಟ್ ಮಾಡಿಸಿ, ಡಾಕ್ಟರಿಗೆ ತಿಳಿಸಿ.

ಲಸಿಕೆ, ಮತ್ತು ನೋಡಿಕೊಳ್ಳುವವರು

2021ರ ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಲಸಿಕೆ ಶುರುವಾದಾಗ ಆ ಪಟ್ಟಿಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೂ ಇದ್ದರು. ಮುಂದೆಯೂ ಹೀಗೆ ಆದ್ಯತೆ ಪಟ್ಟಿ ಬರುತ್ತದೆ. ಡಾಕ್ಟರ ಸರ್ಟಿಫಿಕೇಟ್ ತಯಾರಿರಲಿ. ಆಪರೇಷನ್ ದಿನಕ್ಕೂ ಲಸಿಕೆಗೂ ನಡುವೆ ಕೆಲವು ದಿನ ಬಿಡಿ. ಇಲ್ಲದಿದ್ದರೆ ಜ್ವರ ಲಸಿಕೆಯದೋ ಗಾಯದ್ದೋ ಎಂದು ಗೊತ್ತಾಗುವುದಿಲ್ಲ. ಸ್ಟೆರಾಯ್ಡ್, ಕಿಮೊ ಮೇಲಿರುವವರಲ್ಲಿ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯದೆ ಇರಬಹುದು. ಹಾಗಾಗಿ ಮನೆಯ ಉಳಿದವರೆಲ್ಲ ಹಾಕಿಸಿಕೊಳ್ಳುವುದು ಇನ್ನೂ ಮುಖ್ಯ.

ರೋಗಿಯನ್ನು ನೋಡಿಕೊಳ್ಳುವವರೇ ಮಲಗಿಬಿಟ್ಟರೆ? ಎರಡನೇ ಅಲೆಯಲ್ಲಿ ಮನೆಮನೆಯೇ ಹಾಸಿಗೆ ಹಿಡಿದಾಗ ರೋಗಿಗೆ ಮಾತ್ರೆ ಕೊಡಲೂ ಯಾರೂ ಇಲ್ಲದಂತಾಗಿತ್ತು. ಬೇರೆ ಮನೆಯಲ್ಲಿರುವ ಒಬ್ಬರಿಗೆ, ಅಣ್ಣನೋ ಅತ್ತಿಗೆಯೋ ಪಕ್ಕದ ಬೀದಿಯ ಗೆಳತಿಯೋ, ಎಲ್ಲವನ್ನೂ ಮೊದಲೇ ತೋರಿಸಿಕೊಡಿ: ಮಾತ್ರೆ ಡಬ್ಬಿ ಎಲ್ಲಿದೆ, ಯಾವ ಹೊತ್ತಿಗೆ ಯಾವುದು, ಫಿಟ್ಸ್ ಬಂದರೆ ಏನು ಮಾಡಬೇಕು, ಫೈಲು ಯಾವ ಕಪಾಟಿನಲ್ಲಿದೆ, ಡಾಕ್ಟರ ನಂಬರ್ ಯಾವುದು. ಒಂದು ದಿನ ಅವರ ಕೈಯಿಂದಲೇ ಮಾತ್ರೆ ಕೊಡಿಸಿ ನೋಡಿ. ಎಲ್ಲಿ ತಡವರಿಸುತ್ತಾರೋ ಅದನ್ನು ಕಾಗದದಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸಿ.